ಬಲ ತೊಡೆಯ ಹೊಸ ಬರೆ

ದನದ ಚರ್ಮ ಸುಳ್ಳು ಹೇಳುವುದಿಲ್ಲ ಎಂದು ನನಗೆ ಈ ಕೆಲಸ ಕಲಿಸಿದ ಮುದುಕ ಹೇಳುತ್ತಿದ್ದ. ಅವನು ಸತ್ತು ಬಹಳ ಕಾಲವಾಯಿತು. ಬದುಕಿದ್ದರೆ ಕೊರಳಪಟ್ಟಿ ಹಿಡಿದು ಹೌಗ್ಲಂಡರ ದೊಡ್ಡಿಗೆ ಎಳೆದುಕೊಂಡು ಹೋಗುತ್ತಿದ್ದೆ.

ನಾನು ಮುದ್ರೆ ಇನ್‌ಸ್ಪೆಕ್ಟರ್. ನಮ್ಮ ಮೊಂಟಾನಾದಲ್ಲಿ ಒಂದು ಹಸು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕಾದರೆ ಮೊದಲು ನನ್ನ ಕಣ್ಣೆದುರು ಹಾದುಹೋಗಬೇಕು. ಅದರ ಮೈಮೇಲೆ ಕಾದ ಕಬ್ಬಿಣದಿಂದ ಸುಟ್ಟ ಮುದ್ರೆ ಯಾರ ಹೆಸರಿನಲ್ಲಿ ದಾಖಲಾಗಿದೆಯೋ ಹಸು ಅವರದು. ನಾನು ಚೀಟಿ ಬರೆದು, ತಲೆಗಿಷ್ಟು ಎಂದು ಶುಲ್ಕ ತೆಗೆದುಕೊಂಡ ಮೇಲೆಯೇ ಲಾರಿ ಕದಲಬೇಕು. ಇದು ದೇವರು ಮಾಡಿದ ಕಾನೂನಲ್ಲ, ಆದರೆ ಇಲ್ಲಿ ಅದಕ್ಕಿರುವ ಮರ್ಯಾದೆ ದೇವರಿಗೂ ಇಲ್ಲ.

ನವೆಂಬರ್‌ನಲ್ಲಿ ಒಂದು ದಿನ ಮಧ್ಯಾಹ್ನ ಡೆಲ್ಬರ್ಟ್ ಟೂಲಿ ನನ್ನ ಅಡುಗೆಮನೆಗೆ ಬಂದು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. ಗುನ್ನಾರ್ ಹೌಗ್ಲಂಡನ ದನ ಸಾಕುವ ರಾಂಚ್‌ನಲ್ಲಿ ಹದಿನೈದು ವರ್ಷದಿಂದ ಆಳು ಅವನು. ಮದುವೆಯಿಲ್ಲ, ಮಕ್ಕಳಿಲ್ಲ. ಗುನ್ನಾರನ ಕೊಟ್ಟಿಗೆಯ ಹಿಂದೆ ನಿಲ್ಲಿಸಿದ ಒಂದು ತಗಡಿನ ಗಾಡಿಮನೆಯೇ ಅವನ ಮನೆ. ಕಾಫಿ ಕೊಟ್ಟೆ. ಮುಟ್ಟಲಿಲ್ಲ.

"ನಾಳೆ ಬೆಳಿಗ್ಗೆ ಲಾರಿ ಬರ್ತವೆ, ವೆರ್ನಾ."

"ಗೊತ್ತು. ಸಿಗ್ನೆ ಫೋನ್ ಮಾಡಿದ್ಲು. ಎಲ್ಲಾ ಮಾರಿಬಿಡ್ತಾಳಂತಲ್ಲ."

"ಅದ್ರಲ್ಲಿ ಹದಿನೇಳು ನನ್ನವು."

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಆಗಸ್ಟ್‌ನಲ್ಲಿ ಗುನ್ನಾರನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಬಿದ್ದುಹೋಗಿದ್ದವು. ಅವನ ಆಸ್ತಿಯ ಪೂರ್ತಿ ಅಧಿಕಾರವನ್ನು ಕೋರ್ಟು ಮಗಳು ಸಿಗ್ನೆಗೆ ಕೊಟ್ಟಿತ್ತು. ಆ ಹಿಂಡಿನ ಪ್ರತಿಯೊಂದು ದನದ ಎಡ ಪಕ್ಕೆಯ ಮೇಲೂ ಗುನ್ನಾರನ ಏಣಿ ಮುದ್ರೆಯಿದೆ.

"ನಿನ್ನವು ಅಂದ್ರೆ ಹೆಂಗೋ? ನಿನ್ನ ಮುದ್ರೆ ಎಲ್ಲಿದೆ?"

ಅವನು ಹೇಳಿದ. ಬಂದ ಎರಡನೇ ವರ್ಷ ಸಂಬಳ ಹೆಚ್ಚಿಸುವ ಬದಲು ಗುನ್ನಾರ್ ಅವನಿಗೊಂದು ಹೆಣ್ಣುಗರು ಕೊಟ್ಟನಂತೆ. ಅದಕ್ಕೆ ಹುಟ್ಟುವ ಹೆಣ್ಣುಗರುಗಳು ಡೆಲ್‌ಗೆ, ಮೇವಿನ ಲೆಕ್ಕಕ್ಕೆ ಗಂಡುಗರುಗಳು ಗುನ್ನಾರನಿಗೆ. ಬೇಲಿಯ ಪಕ್ಕ ನಿಂತು ಕೈ ಕುಲುಕಿದರು, ಮಾತು ಮುಗಿಯಿತು. ನಮ್ಮ ಕಡೆ ಇದು ಹೊಸದಲ್ಲ. ಆಳಿನ ದನ ಒಡೆಯನ ಹಿಂಡಿನಲ್ಲೇ, ಒಡೆಯನ ಮುದ್ರೆಯಲ್ಲೇ ಬೆಳೆಯುತ್ತದೆ. ಗುರುತಿಗೆ ಮಾತ್ರ ಗುನ್ನಾರ್ ತನ್ನ ಜೇಬುಚಾಕುವಿನಿಂದಲೇ ಡೆಲ್‌ನ ಕರುಗಳ ಎಡಗಿವಿಯ ಕೆಳ ಅಂಚಿಗೆ ಒಂದು ಕಚ್ಚು ಹಾಕುತ್ತಿದ್ದ.

"ನಿನ್ನ ಹೆಸರಲ್ಲೊಂದು ಮುದ್ರೆ ದಾಖಲು ಮಾಡಿಸೋಕೆ ನಿನಗೇನು ದೊಡ್ಡರೋಗ ಬಂದಿತ್ತು?"

"ಮಾಡಿಸ್ಬೇಕು ಅಂತಾನೇ ಇದ್ದೆ. ಕಬ್ಬಿಣಾನೂ ಬಡಿದಿಟ್ಕೊಂಡಿದ್ದೆ. ಅರ್ಧಚಂದ್ರ, ಕೆಳಗೊಂದು ಗೀಟು. ಗುನ್ನಾರ್ ಅದನ್ನ ನೋಡಿ, 'ಯಾಕೋ, ನನ್ನ ಮಾತು ಸಾಲ್ದಾ ನಿಂಗೆ?' ಅಂದ. ನನಗೆ ನಾಚಿಕೆ ಆಗೋಯ್ತು. ಗಾಡಿಮನೇಲಿ ಮೊಳೆಗೆ ನೇತುಹಾಕ್ದೆ. ಅಲ್ಲೇ ಇದೆ."

ಬೈಯಲು ಬಾಯಿ ತೆರೆದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದನ್ನು ಅವನ ಮುಖಕ್ಕೇ ಹೇಳಿ ಏನು ಪ್ರಯೋಜನ? ಅವನ ಜಾಗದಲ್ಲಿದ್ದಿದ್ದರೆ ನಾನೂ ಮಾಡಿಸುತ್ತಿರಲಿಲ್ಲ. ನಮ್ಮಲ್ಲಿ ಕಾಗದ ಕೇಳುವುದೆಂದರೆ ಎದುರಿನವನನ್ನು ಕಳ್ಳ ಎಂದ ಹಾಗೆ. ಒಳ್ಳೆಯವರು ಹಾಳಾಗುವುದೇ ಹೀಗೆ.

"ಏಳು," ಎಂದೆ. "ಗುನ್ನಾರನ್ನ ನೋಡ್ಕೊಂಡು ಬರೋಣ."

ಆರೈಕೆಮನೆಯಲ್ಲಿ ಗುನ್ನಾರ್ ಕಿಟಕಿಯ ಕಡೆ ಮುಖ ಮಾಡಿ ಗಾಲಿಕುರ್ಚಿಯಲ್ಲಿ ಕೂತಿದ್ದ. ಹೋರಿಯ ಕೊಂಬು ಹಿಡಿದು ಕೆಡವುತ್ತಿದ್ದವನ ಕೊರಳಿಗೆ ಈಗ ಜೊಲ್ಲುಬಟ್ಟೆ ಕಟ್ಟಿದ್ದರು. ಡೆಲ್ ಅವನ ಮುಂದೆ ಮಂಡಿಯೂರಿದ.

"ಗುನ್ನಾರ್, ನಾಳೆ ದನ ಮಾರ್ತಾರೆ. ನನ್ನವು ಹದಿನೇಳು, ನೆನಪಿದ್ಯಾ? ಆ ಕೆಂಚಿ, ಅವಳ ಮಕ್ಕಳು, ಮೊಮ್ಮಕ್ಕಳು."

ಗುನ್ನಾರನ ಎಡಗಣ್ಣಿನಿಂದ ನೀರು ಇಳಿಯಿತು. ಎಡಗೈ ತಡಕಾಡಿ ಡೆಲ್‌ನ ಕೈ ಹಿಡಿದು ಮೇಲೆ ಕೆಳಗೆ ಕುಲುಕಿತು. ಮತ್ತೆ ಕುಲುಕಿತು. ಗಂಟಲಿನಿಂದ ಏನೋ ಸದ್ದು ಬಂತು, ಮಾತಾಗಲಿಲ್ಲ. ಆದರೆ ಈ ಕೈ ಈಗ ರುಜು ಹಾಕಿದರೂ ನಡೆಯುವುದಿಲ್ಲ, ಅಧಿಕಾರವೆಲ್ಲ ಸಿಗ್ನೆಯದು. ಹೊರಡುವ ಹೊತ್ತಾದರೂ ಅವನು ಕೈ ಬಿಡಲಿಲ್ಲ. ಕೊನೆಗೆ ನರ್ಸ್ ಬಂದು ಒಂದೊಂದೇ ಬೆರಳು ಬಿಡಿಸಿದಳು.

ಪಿಕಪ್‌ನಲ್ಲಿ ಕೂತು ನಾನು ಡೆಲ್‌ಗೆ ಬಿಡಿಸಿ ಹೇಳಿದೆ.

"ಇನ್ನೊಂದೇ ದಾರಿ ಇರೋದು. ನಾಳೆ ನಾನೇ ಆ ಕಿವಿ ಕಚ್ಚುಗಳನ್ನ ನೋಡಿ, ಇವು ಯಾರವು ಅನ್ನೋದ್ರಲ್ಲಿ ತಕರಾರಿದೆ ಅಂತ ಬರೀತೀನಿ. ಆ ಹದಿನೇಳರ ಹಣ ಇಲಾಖೇಲಿ ನಿಲ್ಲುತ್ತೆ. ವಿಚಾರಣೆ ಆಗುತ್ತೆ. ನಾನೂ ಬಂದು ಸಾಕ್ಷಿ ಹೇಳ್ತೀನಿ. ನೀನು ಮಾತ್ರ ಏನೂ ಮಾಡ್ಬೇಡ. ಕೇಳಿಸ್ತಾ?"

"ನಮ್ಮಂಥವ್ರ ಮಾತು ಅಲ್ಲಿ ನಡೆಯುತ್ತಾ?"

"ನೀನು ತೆಪ್ಪಗಿದ್ರೆ ನಡೆಯುತ್ತೆ. ಬೇಲಿ ಹತ್ರಾನೂ ಬರ್ಬೇಡ."

ಅವನು ತಲೆಯಾಡಿಸಿದ. ಕೇಳಿಸಿಕೊಂಡ ಎಂದೇ ನಾನು ನಂಬಿದೆ.

ಬೆಳಿಗ್ಗೆ ಹೌಗ್ಲಂಡರ ದೊಡ್ಡಿಯಲ್ಲಿ ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಮೂರು ಲಾರಿಗಳು ಗುರುಗುಡುತ್ತಿದ್ದವು. ಸಿಗ್ನೆ ಅಪ್ಪನ ಹಳೆಯ ಕೋಟು ತೊಟ್ಟು ಬಾಗಿಲ ಬಳಿ ನಿಂತಿದ್ದಳು. ಚಳಿಗಾಲದಲ್ಲಿ ರೋಮ ದಟ್ಟವಾಗಿ ಮುದ್ರೆ ಮುಚ್ಚಿಹೋಗುತ್ತದೆ. ಹಾಗಾಗಿ ದನಗಳನ್ನು ಸಾಲುದಾರಿಯಲ್ಲಿ ಒಂದರ ಹಿಂದೊಂದು ಬಿಟ್ಟು, ಅನುಮಾನ ಬಂದಲ್ಲಿ ಪಕ್ಕೆಯ ರೋಮ ಕತ್ತರಿಸಿ ನೋಡುತ್ತ ಬಂದೆ. ಏಣಿ, ಏಣಿ, ಏಣಿ. ಕಚ್ಚು ಹಾಕಿದ ಕಿವಿ ಕಂಡಾಗಲೆಲ್ಲ ಆ ಹಸುವನ್ನು ಪಕ್ಕದ ಅಂಕಣಕ್ಕೆ ತಿರುಗಿಸಿದೆ.

"ಅವುಗಳ್ನ ಯಾಕೆ ಬೇರೆ ಮಾಡ್ತಿದೀರಾ?" ಸಿಗ್ನೆ ಕೇಳಿದಳು.

"ಕಿವಿ ನೋಡು. ಅದು ನಿಮ್ಮಪ್ಪ ಹಾಕಿದ ಕಚ್ಚು. ಇವು ಡೆಲ್‌ವು, ನಿನಗೂ ಗೊತ್ತು."

"ಈ ಚಳೀಲಿ ಕರುಗಳ ಕಿವಿ ಹೆಪ್ಪುಗಟ್ಟಿ ಉದುರಿ ಹೋಗ್ತವೆ. ಅರ್ಧ ಊರಿನ ದನಗಳ ಕಿವಿ ಹಿಂಗೇ ಇದಾವೆ."

"ಚಳಿ ಕಿವಿ ತುದಿ ತಿನ್ನುತ್ತೆ ಕಣೆ, ಕೆಳಗೆ ಅಳತೆ ಹಿಡಿದು ಕೊಯ್ಯಲ್ಲ."

ಅವಳು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ದುರಾಸೆ ಕಾಣುತ್ತದೆ ಎಂದುಕೊಂಡಿದ್ದೆ. ಕಂಡದ್ದೇ ಬೇರೆ.

"ನಾನು ಇದೇ ದೊಡ್ಡೀಲಿ ಹುಟ್ಟಿ ಬೆಳೆದವಳು, ವೆರ್ನಾ ಆಂಟಿ. ಹಿಮದಲ್ಲಿ ನಿಂತು ಕರು ಎಳೆದಿದೀನಿ. ಎಲ್ಲಿಂದಲೋ ಬಂದವನಿಗೆ ಅಪ್ಪ ಹೆಣ್ಣುಗರು ಕೊಟ್ರಂತೆ. ನನಗೆ ಯಾವತ್ತಾದ್ರೂ ಒಂದು ಕರು ಕೊಟ್ರಾ? ಒಂದೇ ಒಂದು?"

ಆದರೂ ಪೆನ್ನು ತೆಗೆದು ಹಾಳೆಯ ಮೇಲೆ 'ತಕರಾರು' ಎಂದು ಬರೆಯಲು ಶುರುಮಾಡಿದೆ. ಆಗ ವಾಸನೆ ಬಂತು.

ಸುಟ್ಟ ರೋಮದ ವಾಸನೆ. ಈ ಕೆಲಸದಲ್ಲಿ ಮೂಗು ಸವೆದವಳು ನಾನು, ಅದನ್ನು ತಪ್ಪಿ ಹಿಡಿಯುವವಳಲ್ಲ. ಸಾಲಿನ ಕೊನೆಯಲ್ಲಿ ನಿಧಾನವಾಗಿ ಬರುತ್ತಿದ್ದವಳು ಕೆಂಚಿ, ಡೆಲ್‌ಗೆ ಸಿಕ್ಕ ಮೊದಲ ಕರು, ಈಗ ಮುದಿ ಹಸು. ಎಡ ಪಕ್ಕೆಯಲ್ಲಿ ಹಳೆಯ ಏಣಿ. ಬಲ ತೊಡೆಯ ಮೇಲೆ ಇನ್ನೂ ಹಸಿಯಾಗಿ, ಅಂಚಿನಲ್ಲಿ ರಸ ಸೋರುತ್ತಿದ್ದ ಅರ್ಧಚಂದ್ರ, ಕೆಳಗೊಂದು ಗೀಟು.

ಒಬ್ಬರ ಮುದ್ರೆಯಿರುವ ದನದ ಮೇಲೆ ದಾಖಲಾಗದ ಕಬ್ಬಿಣ ಒತ್ತಿದರೆ ನಮ್ಮಲ್ಲಿ ಅದಕ್ಕೆ ಒಂದೇ ಹೆಸರು, ದನಗಳ್ಳತನ. ಜೈಲು. ಇನ್ನು ವಿಚಾರಣೆಯಲ್ಲಿ ಕಿವಿ ಕಚ್ಚಿನ ಮಾತು ಯಾರು ಕೇಳುತ್ತಾರೆ? ಕಳ್ಳನ ದಾವೆ ಎಂದು ಹಾಳೆ ಹರಿದೆಸೆಯುತ್ತಾರೆ.

ಡೆಲ್ ಕೊಟ್ಟಿಗೆಯ ಹಿಂದಿನಿಂದ ಬಂದ. ಅವಿತುಕೊಳ್ಳಲೂ ಇಲ್ಲ. ಅಂಗಿಯ ತೋಳಿಗೆ ಮಸಿ ಮೆತ್ತಿತ್ತು.

"ಬೆಳಕು ಹರಿಯೋ ಹೊತ್ತಿಗೆ ಮಾಡ್ದೆ, ವೆರ್ನಾ. ಅವನ ಬೆರಳು ಬಿಡಿಸಿದ್ದು ನೋಡಿದ್ಮೇಲೆ ತಲೆ ನಿಲ್ಲಲಿಲ್ಲ. ಹದಿನೇಳಕ್ಕೂ ಹಾಕ್ಬೇಕು ಅಂತಿದ್ದೆ."

"ಒಂದಕ್ಕೇ ಯಾಕೆ ನಿಲ್ಲಿಸ್ದೆ, ಪೆದ್ದಮುಂಡೇದೆ?"

"ಬರೆ ಹಾಕಿ ಬಾಗ್ಲು ತೆಗೆದೆ. ಓಡಿಹೋಗ್ತಾಳೆ ಅಂದ್ಕೊಂಡೆ. ನನ್ನ ಹತ್ರಾನೇ ಬಂದ್ಲು. ದಿನಾ ಹಿಂಡಿ ಹುಡುಕ್ತಾಳಲ್ಲ, ಹಂಗೇ ಜೇಬಿಗೆ ಮೂತಿ ಹಾಕಿದ್ಲು." ಅವನು ಆ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ. "ಆಮೇಲೆ ಕೈ ಏಳಲಿಲ್ಲ."

ಸಿಗ್ನೆ ಎಲ್ಲ ಕೇಳಿಸಿಕೊಂಡಳು. ಫೋನು ಅವಳ ಕೈಯಲ್ಲಿತ್ತು. ಆದರೆ ಒತ್ತಲಿಲ್ಲ. ಕೆಂಚಿಯ ಹತ್ತಿರ ಹೋಗಿ ಆ ಬರೆಯನ್ನು ನೋಡಿದಳು.

"ಶೆರಿಫ್‌ಗೆ ಹೇಳಲ್ಲ," ಎಂದಳು. "ಈ ಮುದುಕೀನ ಇವನ ಹೆಸರಿಗೆ ಮಾಡಿಕೊಡಿ, ರುಜು ಹಾಕ್ತೀನಿ. ನಿನ್ನೆ ದಿನಾನೇ ಕೊಟ್ಟಿದ್ದೆ ಅಂತ ಬರ್ಕೊಳ್ಳಿ, ಆಗ ಇವನು ಬರೆ ಹಾಕಿದ್ದು ತನ್ನ ಹಸುಗೇ ಅಂತಾಗುತ್ತೆ. ಆದ್ರೆ ತಕರಾರು ಗಿಕರಾರು ಬರೆಯೋ ಹಾಗಿಲ್ಲ. ಮಿಕ್ಕಿದ್ದೆಲ್ಲ ಲಾರಿ ಹತ್ಬೇಕು."

ಡೆಲ್ ನನ್ನನ್ನು ನೋಡಿದ. ನಾನು ಹಾಳೆಯನ್ನು ನೋಡಿದೆ. ತಕರಾರು ಬರೆದರೆ ಇವನು ಜೈಲಿಗೆ. ಬರೆಯದಿದ್ದರೆ ಹದಿಮೂರು ವರ್ಷದ ದುಡಿಮೆ ಲಾರಿಗೆ. ಇನ್ನು ತಾರೀಕು ತಿದ್ದಿ ಸುಳ್ಳು ಬರೆಯುವವಳು ನಾನೇ. ಈ ಕೈ ಇಷ್ಟು ವರ್ಷ ಒಂದು ಸುಳ್ಳು ಅಕ್ಷರ ಬರೆದಿರಲಿಲ್ಲ, ಅದರ ಹಮ್ಮು ನನಗಿತ್ತು.

"ಏನಂತೀಯೋ?" ಎಂದೆ ಅವನಿಗೆ.

"ನೀನೇ ಹೇಳು."

"ಜೈಲಿಗೆ ಹೋದ್ರೆ ಇವಳೂ ಇರಲ್ಲ ಕಣೋ."

ಅವನು ಹೂಂ ಎಂದ. ಅರ್ಧ ಬರೆದಿದ್ದ ಹಾಳೆಯನ್ನು ಹರಿದು ಜೇಬಿಗಿಟ್ಟು, ಹೊಸ ಚೀಟಿ ಬರೆದೆ. ಒಂದು ಕೆಂಪು ಹಸು, ಮುದಿ. ಎಡ ಪಕ್ಕೆ ಏಣಿ. ಕೊಟ್ಟವರು ಸಿಗ್ನೆ ಹೌಗ್ಲಂಡ್, ಪಡೆದವರು ಡೆಲ್ಬರ್ಟ್ ಟೂಲಿ. ಮೇಲೆ ನಿನ್ನೆಯ ತಾರೀಕು. ಸಿಗ್ನೆ ಕೈಗವಸು ತೆಗೆದು ರುಜು ಹಾಕಿದಳು.

ಪಕ್ಕದ ಅಂಕಣದಲ್ಲಿದ್ದ ಹದಿನಾರು ಹಸುಗಳನ್ನು ಮಿಕ್ಕವುಗಳ ಜೊತೆ ಲಾರಿಗೆ ಅಟ್ಟಿದರು. ಕಿವಿಯಲ್ಲಿ ಕಚ್ಚು ಹೊತ್ತು ಒಂದೊಂದೇ ಏರು ಹಲಗೆ ಹತ್ತಿದವು. ಅಷ್ಟೂ ಕೆಂಚಿಯ ಮಕ್ಕಳು, ಮೊಮ್ಮಕ್ಕಳು. ಒಂದು ಹಿಂತಿರುಗಿ ಕೂಗಿತು. ಕೆಂಚಿ ಬೇಲಿಯ ಒಳಗಿನಿಂದ ಉತ್ತರ ಕೊಟ್ಟಳು. ಲಾರಿಗಳು ಹೊರಟಾಗ ಅವಳು ಬೇಲಿಯುದ್ದಕ್ಕೂ ಕುಂಟುತ್ತ ಓಡಿ, ಮೂಲೆಯಲ್ಲಿ ತಂತಿಗೆ ಎದೆ ಒತ್ತಿ ನಿಂತಳು.

ಡೆಲ್ ಚೀಟಿಯನ್ನು ಎರಡು ಕೈಯಲ್ಲಿ ಹಿಡಿದು ತನ್ನ ಹೆಸರಿದ್ದ ಜಾಗವನ್ನೇ ನೋಡುತ್ತಿದ್ದ. ಆಮೇಲೆ ಜೇಬು ತಡಕಿದ.

"ಶುಲ್ಕ ಎಷ್ಟು?"

"ಬಿಡೋ ಅತ್ಲಾಗೆ."

"ಬೇಡ. ತಗೋ. ಇದೊಂದಾದ್ರೂ ಸರಿಯಾಗಿ ಆಗ್ಲಿ."

ಹೇಳಿದೆ. ಅವನು ಒಂದು ಡಾಲರ್ ನೋಟನ್ನೂ ಮೇಲೆ ಸ್ವಲ್ಪ ಚಿಲ್ಲರೆಯನ್ನೂ ನನ್ನ ಅಂಗೈಗೆ ಹಾಕಿ, ಅದನ್ನೇ ನೋಡುತ್ತ ನಿಂತ.

"ಒಂದಕ್ಕೆ ಇಷ್ಟೇನಾ, ವೆರ್ನಾ? ಗುನ್ನಾರ್ ಇವಳನ್ನ ಕೊಟ್ಟ ದಿನಾನೂ ಇಷ್ಟೇ ಇತ್ತಾ?"

"ಅವತ್ತು ಇನ್ನೂ ಕಮ್ಮಿ ಇತ್ತು ಕಣೋ," ಎಂದೆ. ಬೇಲಿಯ ಮೂಲೆಯಲ್ಲಿ ಕೆಂಚಿ ಇನ್ನೂ ಕೂಗುತ್ತಲೇ ಇದ್ದಳು.