ಕಿತ್ತಳೆ ಬಣ್ಣದ ಬೆರ್ಚಪ್ಪ

ಸಾತನೂರಿನಿಂದ ಬಂದ ಬಸ್ಸು ಕಬ್ಬಾಳಿನ ತಿರುವಿನಲ್ಲಿ ನಿಧಾನವಾದಾಗ ಅನಂತರಾಜುವಿನ ಎದೆ ಧಸಕ್ಕೆಂದಿತು. ಅವನದೇ ರಾಗಿ ಹೊಲದ ನಡುವೆ ಕಿತ್ತಳೆ ಬಣ್ಣದ ಬಾಯ್ಲರ್ ಸೂಟು ತೊಟ್ಟು ಯಾರೋ ಕೈಚಾಚಿ ನಿಂತಿದ್ದರು. ಒಂದು ಗಳಿಗೆ ಬಸ್ಸು ಮರೆತೇಹೋಗಿ, ಕಾಲಡಿಯಲ್ಲಿ ಹಡಗು ತೂಗಿದಂತಾಯಿತು. ಇಳಿದು ಬದುವಿನ ಮೇಲೆ ಬಿರಬಿರನೆ ನಡೆದು ಹೋಗಿ ನೋಡಿದರೆ ಅದು ಬೆರ್ಚಪ್ಪ. ಇಪ್ಪತ್ತು ವರ್ಷ ಸರಕು ಹಡಗುಗಳಲ್ಲಿ ದುಡಿದು ಬಂದವನು ಟ್ರಂಕಿನ ತಳದಲ್ಲಿ ಜೋಪಾನವಾಗಿಟ್ಟಿದ್ದ ಸೂಟು ಅದು. ಹೆಂಡತಿ ಶಿವಲಿಂಗಮ್ಮ ಅದಕ್ಕೆ ಹುಲ್ಲು ತುಂಬಿ, ಮಡಕೆಯ ತಲೆಯಿಟ್ಟು, ಸುಣ್ಣದಲ್ಲಿ ಕಣ್ಣು ಬರೆದು ನಿಲ್ಲಿಸಿದ್ದಳು.

ಸಿಟ್ಟು ನೆತ್ತಿಗೇರಿತು. ಆದರೆ ಬೆರ್ಚಪ್ಪನ ಎಡ ಹೆಗಲು ಒಂಚೂರು ಇಳಿಬಿದ್ದಿದ್ದನ್ನು ಕಂಡು ಹಾಗೇ ಇಳಿದೂ ಹೋಯಿತು. ಅವನ ಅಪ್ಪ ಬೈರಪ್ಪನ ಹೆಗಲು ಥೇಟ್ ಹೀಗೇ ಇತ್ತು.

ರಾಗಿ ತೆನೆ ಕಟ್ಟುವ ಕಾಲಕ್ಕೆ ಅಪ್ಪ ಇದೇ ಹೊಲದ ಅಟ್ಟಣೆ ಏರಿ ಕಾಡುಹಂದಿ ನುಗ್ಗದಂತೆ ಕಾಯುತ್ತಿದ್ದ. ಆಗಾಗ 'ಕೂ' ಎಂದು ಕೂಗಿದರೆ ಪಕ್ಕದ ಹೊಲದವನು 'ಓ' ಎನ್ನುತ್ತಿದ್ದ, ಅವನ ಕೂಗಿಗೆ ಅದರಾಚೆಯವನು. ಹಾಗೆ ಆ ಕೂಗು ಬೆಟ್ಟದ ಬುಡದವರೆಗೂ ಹೋಗುತ್ತಿತ್ತು. ಯಾವ ಹೊಲದಿಂದ ಓ ಬರಲಿಲ್ಲವೋ ಅಲ್ಲಿಗೆ ಉಳಿದವರೆಲ್ಲ ಪಂಜು ಹಿಡಿದು ಓಡುತ್ತಿದ್ದರು. ಹಗಲು ಬದುವಿಗಾಗಿ ಕಿತ್ತಾಡಿದವರೂ ಓಡುತ್ತಿದ್ದರು, ಅದೇ ಅದರ ಚೆಂದ.

ಏಡನ್ ಕೊಲ್ಲಿಯಲ್ಲಿ ಅನಂತರಾಜುವಿಗೆ ಕಂಡದ್ದೂ ಅದೇ. ಕಡಲ್ಗಳ್ಳರ ಕಾಟ ಜೋರಾಗಿದ್ದ ಕಾಲ. ಯಾವ್ಯಾವುದೋ ದೇಶದ ಸರಕು ಹಡಗುಗಳು ಸಾಲುಗಟ್ಟಿ ಹೋಗುತ್ತಿದ್ದವು, ದಡದ ಮೇಲೆ ಒಬ್ಬರ ಮುಖ ಒಬ್ಬರು ನೋಡದ ದೇಶಗಳ ಯುದ್ಧನೌಕೆಗಳು ಅವಕ್ಕೆ ಕಾವಲಿದ್ದವು. ರೇಡಿಯೋದಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಹರುಕುಮುರುಕು ಇಂಗ್ಲಿಷಿನಲ್ಲಿ ಕರೆದು, ಓಗೊಟ್ಟು, ಸುಮ್ಮನಾಗುತ್ತಿದ್ದರು. ಕಾವಲಿಗೆ ಬಹಳ ಜನ ಇರುವಂತೆ ಕಾಣಲಿ ಎಂದು ಡೆಕ್ಕಿನ ಮೇಲೆ ಬೊಂಬೆ ನಿಲ್ಲಿಸಲು ಕ್ಯಾಪ್ಟನ್ ಹೇಳಿದ. ಉಳಿದವರ ಬೊಂಬೆಗಳು ಮೊದಲ ಗಾಳಿಗೇ ಮಗುಚಿಕೊಂಡವು. ಅನಂತರಾಜು ಮಾತ್ರ ಊರಲ್ಲಿ ಮಾಡಿದಂತೆ ಅಡ್ಡಗೋಲು ಬಿಗಿದು, ತನ್ನ ಕಿತ್ತಳೆ ಸೂಟು ತೊಡಿಸಿ, ಬಕೆಟ್ಟಿನ ತಲೆಯಿಟ್ಟು ಕಟ್ಟಿದ. ಹೆಗಲು ತಾನಾಗಿ ಓರೆಯಾಯಿತು. ಅವನ ಅಪ್ಪನ ಹೆಗಲಿನ ಮಾತು ಕೇಳಿದ್ದ, ಜೊತೆಗೆ ದುಡಿಯುತ್ತಿದ್ದ ಚನ್ನಪಟ್ಟಣದ ಹುಡುಗ ಅಮೀರ್ ಅದಕ್ಕೆ ಬೈರಪ್ಪ ಎಂದು ಹೆಸರಿಟ್ಟ, ಹಡಗಿಗೆಲ್ಲ ಅದೇ ಹೆಸರಾಯಿತು.

ಒಂದು ಬೆಳಗ್ಗೆ ಮುಖ ಕಾಣುವಷ್ಟು ಹತ್ತಿರಕ್ಕೆ ಕಳ್ಳರ ದೋಣಿಗಳು ಬಂದವು. ರೇಡಿಯೋದಲ್ಲಿ ಕೂಗು ಹೋಯಿತು. ಯಾವ ದೇಶದ್ದೋ ಹೆಲಿಕಾಪ್ಟರೊಂದು ಬಂದು ತಲೆಯ ಮೇಲೆ ಸುತ್ತಿತು, ದೋಣಿಗಳು ತಿರುಗಿಕೊಂಡವು. ಹೆದರಿಸಿದ್ದು ಬೈರಪ್ಪನೇ ಎಂದು ಅಮೀರ್ ಕುಣಿದಾಡಿದ. ಅದೇ ವಾರ ಊರಿನಲ್ಲಿ ನಿಜವಾದ ಬೈರಪ್ಪ ತೀರಿಕೊಂಡ. ನಡುನೀರಿನಿಂದ ಬರುವುದು ಹೇಗೆ? ಅನಂತರಾಜು ಬೊಂಬೆಯ ತೋಳು ಹಿಡಿದು ನಿಂತು ಕಾವಲು ಮುಗಿಸಿದ. ಆ ಸೂಟನ್ನು ಆಮೇಲೆ ಯಾರಿಗೂ ಕೊಡಲಿಲ್ಲ.

ಅಮೀರ್ ಈಗ ಮುಂಬಯಿಯಲ್ಲಿ ಹಡಗಿಗೆ ಆಳು ಹೊಂದಿಸುವ ಏಜೆನ್ಸಿಯಲ್ಲಿದ್ದಾನೆ. ಕೆಂಪು ಸಮುದ್ರದಲ್ಲಿ ಮತ್ತೆ ಗಲಾಟೆ, ಅನುಭವ ಇರುವವನು ಜೊತೆಗಿದ್ದರೆ ಹುಡುಗರಿಗೆ ಧೈರ್ಯ, ಒಂದೇ ಸಲ ಬಾ ಎಂದು ಕರೆದಿದ್ದ. ಇವತ್ತು ಸಂಜೆಯೊಳಗೆ ಹೇಳಬೇಕಿತ್ತು. ಕೆಲಸ ಬಿಟ್ಟು ಬಂದ ಮೇಲೆ ಕಡಲಿನ ಕನಸು ಬೀಳದ ದಿನವಿಲ್ಲದ ಅನಂತರಾಜು, ಹೆಂಡತಿಗೆ ಹೇಳದೆ ಸಾತನೂರಿಗೆ ಹೋಗಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡು ಬಂದಿದ್ದ.

ಶಿವಲಿಂಗಮ್ಮ ಹುಲ್ಲಿನ ಹೊರೆ ಹೊತ್ತು ಬದುವಿನ ಮೇಲೆ ಬಂದಳು.

"ಯಾಕಮ್ಮಿ, ಇದ್ಕೆ ನನ್ ಬಟ್ಟೇನೇ ಬೇಕಿತ್ತಾ?"

"ಪೋಟ ತಗಿಸ್ಕಂಡ್ ಬಂದಾ?" ಎಂದಳು ಅವಳು.

ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಫೋನಿನಲ್ಲಿ ಆಡಿದ್ದೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ಓಗ್ಬೇಕು ಅನ್ನುಸ್ದ್ರೆ ಓಗು, ನಾನ್ ಬ್ಯಾಡ ಅನ್ನಕಿಲ್ಲ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. "ಬಂದಾಗ್ಲಿಂದ ನೀನೂ ಇವ್ನಂಗೇ ನಿಂತಿದ್ದೀಯ. ಮೈ ಮಾತ್ರ ಇಲ್ಲೈತೆ. ನಿಮ್ಮಪ್ಪ ಅಟ್ಟಣೆ ಮ್ಯಾಲಿಂದ ಕೂ ಅಂದ್ರೆ ಒಲೆ ಮುಂದೆ ಇದ್ರೂ ಎದ್ದ್ ಬಂದು ಓ ಅಂತಿದ್ದೆ ನಾನು. ನಾನ್ ಕೂಗ್ದಾಗ ನೀನ್ ಒಂದಿನ ಓ ಅಂದಿದ್ದೀಯಾ?"

ಉತ್ತರಕ್ಕೆ ಕಾಯದೆ ಹೊಲದಂಚಿನ ಮನೆಯತ್ತ ನಡೆದಳು. ಹಾಲು ಕರೆಯುವ ಹೊತ್ತಾಗಿತ್ತು.

ಅನಂತರಾಜು ಅಲ್ಲೇ ಕೂತ. ಡೇರಿಗೆ ಹೋಗುವ ಸ್ಕೂಟರುಗಳು ರಸ್ತೆಯಲ್ಲಿ ಸದ್ದು ಮಾಡುತ್ತಿದ್ದವು. ಅವಳು ಯಾವಾಗ ಕೂಗಿದ್ದಳು ಎಂದು ನೆನಪಿಸಿಕೊಳ್ಳಲು ಹೊರಟರೆ ಒಂದೂ ನೆನಪಾಗಲಿಲ್ಲ. ಬಿಸಿಲು ಬೆಟ್ಟದ ನೆತ್ತಿಗೆ ಸರಿಯುವಾಗ ಅಮೀರನ ಫೋನು ಬಂತು.

"ಆಗಕಿಲ್ಲ ಕಣ್ಲಾ ಅಮೀರ. ರಾಗಿ ಕಾಯ್ಬೇಕು."

"ಬೈರಪ್ಪುನ್ನ ನಿಲ್ಸ್‌ಬುಟ್ಟು ಬಾರಣ್ಣ," ಅಮೀರ್ ನಕ್ಕ.

"ನಿಲ್ಸವ್ಳೆ. ಅವ್ನು ಓ ಅನ್ನಕಿಲ್ವಲ್ಲ."

ಅಮೀರನಿಗೆ ಏನು ಅರ್ಥವಾಯಿತೋ, ಆಯ್ತಣ್ಣ ಎಂದ. ಫೋನು ಜೇಬಿಗಿಟ್ಟಾಗ ಕಡಲು ಕೈಬಿಟ್ಟುಹೋದ ಸಂಕಟಕ್ಕೆ ಅನಂತರಾಜುವಿನ ಕಣ್ಣು ತುಂಬಿದವು. ಎದ್ದು ಬೆರ್ಚಪ್ಪನ ತೋಳು ಹಿಡಿದುಕೊಂಡು, ಮನೆಯ ಕಡೆ ಮುಖ ಮಾಡಿ, 'ಕೂ' ಎಂದ. ಅಭ್ಯಾಸ ತಪ್ಪಿದ ಗಂಟಲು, ದನಿ ಒಡೆಯಿತು. ಯಾರೂ ಓಗೊಡಲಿಲ್ಲ. ಉಸಿರು ತುಂಬಿಕೊಂಡು ಇನ್ನೊಮ್ಮೆ ಕೂಗಿದ.

ಕೊಟ್ಟಿಗೆಯಲ್ಲಿ ಹಾಲಿನ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಶಿವಲಿಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಹೊಲದ ಕಡೆ ಒಸಿ ಹೊತ್ತು ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, ಹಿಂದೆ ಮಾವನಿಗೆ ಅನ್ನುತ್ತಿದ್ದಷ್ಟೇ ಉದ್ದಕ್ಕೆ, 'ಓ' ಎಂದಳು.