ಇವತ್ತು ಬಂದಿಲ್ಲ

ಫೋನ್ ಇಟ್ಟ ಮೇಲೆ ಅವನಿಗೆ ಹೊಳೆಯಿತು: ಒಂದು ಪದ ಹೆಚ್ಚಾಗಿತ್ತು.

'ಅವರು ಇವತ್ತು ಬಂದಿಲ್ಲ' ಎಂದಿದ್ದ. ಹೇಳಬೇಕಾಗಿದ್ದದ್ದು 'ಆ ಹೆಸರಿನವರು ಇಲ್ಲಿ ಯಾರೂ ಇಲ್ಲ' ಎಂದು. ಇವತ್ತು ಬಂದಿಲ್ಲ ಎಂದರೆ ನಿನ್ನೆ ಬಂದಿದ್ದಳು, ನಾಳೆಯೂ ಬರುತ್ತಾಳೆ ಎಂದು ಎಂಥವರಿಗೂ ತಿಳಿಯುತ್ತದೆ. ಇಂಜಿನಿಯರಿಂಗ್ ಓದಿದ ಅವನಿಗೆ ಮಾತ್ರ ಫೋನ್ ಇಟ್ಟ ಮೇಲೆ ತಿಳಿಯಿತು. ಆಗ ಗಂಟೆ ಹನ್ನೊಂದು.

ಗಂಡನ ಏಟು ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರಿಗೆ ಆಸರೆ ಕೊಟ್ಟು, ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುವ ಕೆಲಸ ಕಲಿಸುವ ಸಂಸ್ಥೆ ಅದು. ಬಾಗಿಲಿಗೆ ಬೋರ್ಡಿಲ್ಲ. ಒಳಗೆ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಕಲಿಸುವ ಅವನು ಎಲ್ಲರಿಗೂ ಮೇಷ್ಟ್ರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಫೋನಿನಲ್ಲಿ ಹೇಗೆ ಮಾತಾಡಬೇಕೆಂದು ಅವನಿಗೂ ಎರಡು ಗಂಟೆ ತರಬೇತಿ ಕೊಟ್ಟಿದ್ದರು. ಇದನ್ನೂ ಕಲಿಯಬೇಕೆ ಎಂದುಕೊಂಡು ಅವನು ಅಷ್ಟು ಹೊತ್ತೂ ಹಾಳೆಯ ಮೇಲೆ ಮೋಟಾರಿನ ಚಿತ್ರ ಬರೆಯುತ್ತ ಕೂತಿದ್ದ.

ಆದರೆ ಆ ದನಿ ಎಷ್ಟು ನಯವಾಗಿತ್ತು! "ಸಾರ್, ನಮ್ಮನೆಯವರು ಕನ್ನಡಕ ಬಿಟ್ಟು ಹೋಗಿದ್ದಾರೆ. ಪಾಪ, ಸಣ್ಣ ತಂತಿ ಕೆಲಸ, ಕಣ್ಣಿಗೆ ಕಷ್ಟ ಆಗುತ್ತೆ. ತಂದುಕೊಟ್ಟು ಹೋಗ್ಲಾ?" ಹೆಂಡತಿಯ ಹೆಸರನ್ನೂ ಹೇಳಿದ. ಪರೀಕ್ಷೆಯ ಅರ್ಜಿ ತುಂಬಿದವನು ತಾನೇ ಆದ್ದರಿಂದ ಆ ಹೆಸರು ಮೇಷ್ಟ್ರಿಗೆ ಗೊತ್ತಿತ್ತು. ಆಕೆ ತಂತಿಯನ್ನು ಮೂಗಿನ ಹತ್ತಿರ ಹಿಡಿದು ನೋಡುವುದೂ ಗೊತ್ತಿತ್ತು. ಹೂಂ ಎನ್ನಲು ಬಾಯಿ ತೆರೆದ ಮೇಲೆ, ಯಾರಿದ್ದಾರೆಂದು ಹೇಳಬಾರದೆಂಬ ನಿಯಮ ನೆನಪಾಗಿ ಮಾತು ಬದಲಿಸಿದ. ಅದೂ ಕೆಟ್ಟದ್ದೇ ಆಯಿತು.

"ದೊಡ್ಡ ಉಪಕಾರ ಆಯ್ತು ಸಾರ್" ಎಂದಿದ್ದ ಆ ಗಂಡಸು. ಆ ಕ್ಷಣ ಮೇಷ್ಟ್ರಿಗೆ ಸಂತೋಷವಾಗಿತ್ತು. ಈಗ ಅದನ್ನು ನೆನೆದರೆ ಹೇಸಿಗೆಯಾಗುತ್ತಿತ್ತು.

ಒಳಗೆ ಆಕೆ ತಂತಿ ಸುತ್ತುವ ಯಂತ್ರದ ಹಿಡಿಕೆ ತಿರುಗಿಸುತ್ತಿದ್ದಳು. ಜೋರಾಗಿ ಎಣಿಸುತ್ತಾಳೆಂದು ಜೊತೆಯವರು ಲೆಕ್ಕದಕ್ಕ ಎಂದು ಹೆಸರಿಟ್ಟಿದ್ದರು. "ಐವತ್ತೊಂದು, ಐವತ್ತೆರಡು..." ಒಂದು ಸುರುಳಿಗೆ ನೂರಿಪ್ಪತ್ತು ಸುತ್ತು. ನಡುವೆ ಮಾತಾಡಿಸಿದರೆ ಲೆಕ್ಕ ತಪ್ಪಿ ಎಲ್ಲ ಬಿಚ್ಚಬೇಕು.

ನಾಳೆ ಪರೀಕ್ಷೆ. ಪಾಸಾದರೆ ದೂರದ ಊರಿನ ವರ್ಕ್‌ಶಾಪಿನಲ್ಲಿ ಕೆಲಸ, ಇರಲು ಒಂದು ಕೋಣೆ. ಆರು ತಿಂಗಳು ಆಕೆ ಬೆನ್ನು ಬಗ್ಗಿಸಿದ್ದು ಇದಕ್ಕೇ. ಹೇಳಿದರೆ ಇವತ್ತೇ ಓಡಬೇಕು, ಪರೀಕ್ಷೆ ಹೋಯಿತು. ಹೇಳದಿದ್ದರೆ ಆ ದನಿ ಬಾಗಿಲಿಗೇ ಬರುತ್ತದೆ. ಸುತ್ತುವವರನ್ನು ನಡುವೆ ಮಾತಾಡಿಸಬಾರದೆಂಬ ನಿಯಮವನ್ನು ಅವನು ಅಂದು ಬಹಳ ನಿಷ್ಠೆಯಿಂದ ಪಾಲಿಸಿದ.

ಸಂಚಾಲಕಿಯ ಕೋಣೆಗೆ ಹೋದ.

"ಏನ್ ಮೇಷ್ಟ್ರೇ, ಮುಖ ಯಾಕೆ ಹೀಗಿದೆ?"

"ಏನಿಲ್ಲ ಮೇಡಂ."

"ಏನಿಲ್ಲದೆ ನೀವು ಈ ಕಡೆ ತಲೆ ಹಾಕೋರಲ್ಲ."

"ವಾರ್ನಿಷ್... ನಾಳೆಗೆ ಸಾಲಲ್ಲ ಅನ್ಸುತ್ತೆ."

"ಮೊದಲೇ ಹೇಳೋದಲ್ವಾ! ಸರಿ, ಮಧ್ಯಾಹ್ನ ನಾನೇ ಹೋಗಿ ತರ್ತೀನಿ."

ಸುರುಳಿಗೆ ಬಳಿಯುವ ವಾರ್ನಿಷ್ ಕಪಾಟಿನಲ್ಲಿ ಎರಡು ಡಬ್ಬ ತುಂಬ ಇತ್ತು.

ಊಟದ ಹೊತ್ತಿಗೆ ಹೆಂಡತಿಗೆ ಫೋನ್ ಮಾಡಿದ.

"ಏನ್ರೀ, ಇಷ್ಟೊತ್ತಲ್ಲಿ?"

"ಸುಮ್ನೆ. ಒಬ್ಬರಿಗೆ ಒಂದು ವಿಷಯ ಹೇಳಬೇಕಿತ್ತು. ಹೇಗೆ ಹೇಳೋದು ಅಂತ."

"ನನ್ನ ಕೇಳ್ತಿದ್ದೀರಾ? ನನಗೆ ಯಾವತ್ತಾದ್ರೂ ಏನಾದ್ರೂ ಹೇಳಿದ್ದೀರಾ ನೀವು?" ಎಂದು ನಕ್ಕಳು.

ಅವನೂ ನಕ್ಕ. ಬಚ್ಚಲಿನ ನಲ್ಲಿ ಇನ್ನೂ ಸೋರುತ್ತಿದೆ ಎಂದಳು. ಅದರ ಬಗ್ಗೆ ಇಬ್ಬರೂ ಐದು ನಿಮಿಷ ಚೆನ್ನಾಗಿಯೇ ಮಾತಾಡಿದರು.

ಮೂರಕ್ಕೆ ಉಳಿದ ಹೆಂಗಸರೆಲ್ಲ ತಾವು ತಂಗಿದ್ದ ಮನೆಗೆ ಹೋದರು. ಇಲ್ಲದ ಕೊರತೆ ತುಂಬಿಸಲು ಸಂಚಾಲಕಿ ವಾರ್ನಿಷ್ ಅಂಗಡಿಗೆ ಹೋಗಿದ್ದಳು. ಉಳಿದವರು ಅವನು, ಆಕೆ. ಹೊರಗೆ ಯಾವ ಸ್ಕೂಟರ್ ನಿಂತರೂ ಅವನು ಬಾಗಿಲಿನತ್ತ ತಿರುಗುತ್ತಿದ್ದ.

"ತೊಂಬತ್ತೊಂದು, ತೊಂಬತ್ತೆರಡು..."

"ಒಂದು ಫೋನ್ ಬಂದಿತ್ತು" ಎಂದ.

ಹಿಡಿಕೆ ನಿಂತಿತು.

"ನೀವು ಕನ್ನಡಕ ಬಿಟ್ಟು ಬಂದಿದ್ದೀರಿ ಅಂತ."

"ಕನ್ನಡಕ ಒಡೆದಿದ್ದೇ ಅವನು" ಎಂದಳು ಆಕೆ. "ಹಾಕ್ಕೊಂಡಿದ್ದಾಗಲೇ. ನೀವೇನಂದ್ರಿ?"

"ಇವತ್ತು ಬಂದಿಲ್ಲ ಅಂದೆ."

ಆಕೆಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಎಷ್ಟೊತ್ತಿಗೆ?"

"ಹನ್ನೊಂದಕ್ಕೆ."

ಗೋಡೆಯ ಗಡಿಯಾರವನ್ನು ಕಣ್ಣು ಕಿರಿದು ಮಾಡಿ ನೋಡಿದಳು. "ಈಗ ಮೂರೂವರೆ. ನಾಲ್ಕೂವರೆ ಗಂಟೆ ಹೊತ್ತು, ಮೇಷ್ಟ್ರೇ."

ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ತಪ್ಪಾಯಿತು ಎನ್ನಲು ಹೊರಟ. "ನಾಳೆ ಪರೀಕ್ಷೆ ಇತ್ತಲ್ಲ, ಅದಕ್ಕೇ..." ಎಂದುಬಿಟ್ಟ. ತನ್ನ ಮಾತು ತನಗೇ ನಾಚಿಕೆ ತಂದಿತು.

"ಕೈ ಚಾಚಿ" ಎಂದಳು.

"ಯಾಕೆ?"

"ನಾನಿರಲ್ಲ. ಈ ತಂತಿ ನಾಳೆ ಇನ್ನೊಬ್ಬರಿಗೆ ಬೇಕಾಗುತ್ತೆ. ಗಂಟು ಬೀಳಬಾರದು. ಎರಡೂ ಕೈ ಚಾಚಿ."

ಚಾಚಿದ. ಆಕೆ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸುತ್ತ, ಬಿಚ್ಚಿಬಂದ ತಂತಿಯನ್ನು ಅವನ ಮಣಿಕಟ್ಟುಗಳ ಸುತ್ತ ಹಾಕತೊಡಗಿದಳು. ಈ ಸಲ ಎಣಿಸಲಿಲ್ಲ. ಒಂದು ಎಳೆಯೂ ಇನ್ನೊಂದರ ಮೇಲೆ ಹತ್ತಲಿಲ್ಲ. ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಎಂದು ಅವನಿಗೆ ಹೆಮ್ಮೆಯಾಯಿತು. ಹೆಮ್ಮೆಪಟ್ಟದ್ದಕ್ಕೇ ಅವನಿಗೆ ಅಳು ಬಂದಂತಾಯಿತು.

ಕರೆಗಂಟೆ ಹೊಡೆಯಿತು.

ಇಬ್ಬರೂ ಬಾಗಿಲಿನತ್ತ ನೋಡಿದರು. ಸಂಚಾಲಕಿ ಕೀಲಿ ಒಯ್ದಿದ್ದಳೋ ಇಲ್ಲವೋ, ಅವನಿಗೆ ಏನು ಮಾಡಿದರೂ ನೆನಪಾಗಲಿಲ್ಲ. ಆಕೆ ಚೀಲ ಎತ್ತಿಕೊಂಡು ಹಿಂದಿನ ಉಗ್ರಾಣಕ್ಕೆ ಹೋದಳು. ಅದಕ್ಕೆ ಬೇರೆ ಬಾಗಿಲಿರಲಿಲ್ಲ. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು.

ಗಂಟೆ ಮತ್ತೆ ಹೊಡೆಯಿತು, ಈ ಸಲ ಸ್ವಲ್ಪ ಉದ್ದಕ್ಕೆ. ಅವನು ಕೋಣೆಯ ನಡುವೆ ಎರಡೂ ಕೈ ಮುಂದೆ ಚಾಚಿ ನಿಂತಿದ್ದ. ಮಣಿಕಟ್ಟಿನಿಂದ ಯಂತ್ರದವರೆಗೆ ತಾಮ್ರದ ಎಳೆ ಬಿಗಿಯಾಗಿ ಹೊಳೆಯುತ್ತಿತ್ತು.

"ಬಂದೆ, ಬಂದೆ" ಎಂದ ಅವನು, ನಿಂತಲ್ಲಿಂದಲೇ.