ಜಿಲಾನಿಸಾಬರ ಕೈವಾರದ ಪೆಟ್ಟಿಗೆ

ನನ್ನ ಗಂಡ ಅಮರಗುಂಡಪ್ಪನವರಿಗೆ ಲಿಂಗಸುಗೂರಿನಲ್ಲಿ ಬಟ್ಟೆ ಅಂಗಡಿ. ಒಂದು ನೆಟ್ಟಗಿನ ಗೆರೆ ಎಳೆಯಲು ಬಾರದ ಈ ಮನುಷ್ಯನಿಗೆ ಹಳೆಯ ನಕಾಶೆ ಸಾಮಾನು ಕೂಡಿಡುವ ಹುಚ್ಚು. ಹಟ್ಟಿ ಗಣಿಯ ದೊರೆಗಳ ಕೈವಾರ, ನಿಜಾಮನ ಕಾಲದ ಇಂಜಿನಿಯರರ ಅಳತೆಪಟ್ಟಿ, ಎಲ್ಲಕ್ಕೂ ನಮ್ಮ ಮನೆಯಲ್ಲಿ ಗಾಜಿನ ಕಪಾಟು. ನನ್ನ ಸೀರೆಗೆ ಮಾತ್ರ ಗೋಡೆಯ ಗೂಟ!

ಈ ಹುಚ್ಚು ಹಿಡಿಸಿದ್ದೇ ಜಿಲಾನಿಸಾಬರ ಪೆಟ್ಟಿಗೆ. ಅವರು ನಮ್ಮ ಓಣಿಯವರು, ನಕಾಶೆ ಬರೆಯುವವರು. ನಲವತ್ತೆಂಟರಲ್ಲಿ ನಿಜಾಮನ ಮೇಲಿನ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಊರು ಬಿಡುವಾಗ, "ನಮ್ಮಜ್ಜನ ಕಾಲದ್ದೈತ್ರಿ, ಜ್ವಾಕಿ" ಎಂದು ಇವರ ಕೈಗಿಟ್ಟು ಹೋದರು. ಇವರು ಜೋಪಾನ ಮಾಡಿದ ಚಂದ ಕೇಳಬೇಕು. ಮಂದಿ ಮಹಾನವಮಿಗೆ ವರ್ಷಕ್ಕೊಮ್ಮೆ ಆಯುಧ ತೊಳೆದರೆ, ಇವರಿಗೆ ಸೋಮವಾರ ಸೋಮವಾರವೂ ಮಹಾನವಮಿ. ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತಾವೇ ತಿಕ್ಕಿ, ವಿಭೂತಿ ಹಚ್ಚಿ, ಊದುಬತ್ತಿ ಬೆಳಗುವರು. ನನ್ನನ್ನು ಮುಟ್ಟಗೊಡುತ್ತಿರಲಿಲ್ಲ.

ಐವತ್ಮೂರರಲ್ಲಿ ಜಿಲಾನಿಸಾಬರು ತಿರುಗಿ ಬಂದರು. ಗಡ್ಡ ಬೆಳ್ಳಗಾಗಿತ್ತು.

"ಸಿಂಧನೂರಾಗ ಕಾಲುವಿ ಕಚೇರಿಯವ್ರು ಕರದಾರ್ರೀ. ನಾಳೆ ಸಾಹೇಬ್ರ ಮುಂದ ಒಂದು ನಕಾಶೆ ಬರದು ತೋರಿಸ್ಬೇಕು. ಸಾಮಾನು ನಮ್ಮದ ಒಯ್ಯಬೇಕಂತ. ಈ ನೌಕ್ರಿ ಸಿಕ್ರ ಹೆಂಡ್ತಿ ಸಕೀನಾನ್ನ, ಮಕ್ಕಳನ್ನ ಈ ಕಡೆ ಕರ್ಕೊಂಡು ಬರ್ತೀನಿ. ಎಷ್ಟು ದಿನಾಂತ ಮಂದಿ ಮನ್ಯಾಗ ಇರೂದು?"

ನನ್ನ ಗಂಡ ನೆಲ ನೋಡಿದರು. "ದೇವರ ಜಗಲಿ ಮ್ಯಾಲಿಟ್ಟು ಪೂಜಿ ಮಾಡಿದ್ದು ಹೊರಗ ಕೊಡಬಾರ್ದು ಸಾಬ್ರ."

ನನಗೆ ಮೈಯೆಲ್ಲ ಉರಿಯಿತು. "ಪೆಟಿಗಿ ನಿಮ್ಮಪ್ಪ ಗಳಿಸಿಟ್ಟಿದ್ದೇನ್ರೀ? ನಾಚಿಕಿ ಆಗಂಗಿಲ್ಲ ನಿಮಗ?" ಎಂದು ನಾನೇ ಕಪಾಟು ತೆಗೆದು ಪೆಟ್ಟಿಗೆಯನ್ನು ಸಾಬರ ಮುಂದಿಟ್ಟೆ.

ಮುಚ್ಚಳ ತೆರೆದಾಗ ಅವರ ಮುಖ ಅರಳಿತು. ಹಿತ್ತಾಳೆಯ ಅಳತೆಪಟ್ಟಿಯನ್ನು ಬಾಗಿಲ ಬೆಳಕಿಗೆ ಒಯ್ದರು. ತಿರುವಿ ನೋಡಿದರು. ಹೆಬ್ಬೆರಳಿನಿಂದ ಸವರಿದರು. ಪಟ್ಟಿಯ ಮೇಲೆ ಗೆರೆಗಳೇ ಇರಲಿಲ್ಲ. ಕೋನ ಅಳೆಯುವ ಬಿಲ್ಲೆ ಊಟದ ತಾಟಿನಂತೆ ಬೋಳಾಗಿತ್ತು. ಕೈವಾರದ ಮೊನೆ ಸವೆದು ಮೊಂಡಾಗಿತ್ತು.

"ಹೆಂಗ ಹೊಳಿತಾವ ನೋಡ್ರಿ!" ಎಂದರು ನನ್ನ ಗಂಡ.

ಅಯ್ಯೋ ಶಿವನೇ, ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ. "ಬ್ಯಾರೇವಾದ್ರೂ ಒಯ್ರಿ ಅಣ್ಣಾರ" ಎಂದು ಕಪಾಟಿನದೆಲ್ಲ ಹರವಿದೆ. ಒಂದೊಂದನ್ನೇ ನೋಡಿ ಕೆಳಗಿಟ್ಟರು. ಎಲ್ಲವೂ ಅಷ್ಟೇ ಬೋಳು, ಅಷ್ಟೇ ಹೊಳಪು.

"ಇರ್ಲಿ ಬಿಡು ತಂಗೆಮ್ಮ, ಇನ್ನ ಇವು ಪೂಜಿಗೇ ಸರಿ" ಎಂದು ಸಾಬರು ಪೆಟ್ಟಿಗೆ ಮುಚ್ಚಿದರು. ನಾನು ಕೊಟ್ಟ ನೀರನ್ನೂ ಕುಡಿಯದೆ ಹೋದರು. ಓಣಿಯ ತುದಿಯಲ್ಲಿ ಮಸ್ಕಿ ಮಾರ್ಗವಾಗಿ ಸಿಂಧನೂರಿಗೆ ಹೋಗುವ ಬಸ್ಸು ಬಂದು ನಿಂತಿತ್ತು. ಅವರು ಅದನ್ನು ಹತ್ತಲಿಲ್ಲ.

ನಾನು ಬಾಗಿಲಲ್ಲೇ ನಿಂತು ಅಳುತ್ತಿದ್ದೆ. ಒಳಗಿನಿಂದ ನನ್ನ ಗಂಡ ಕೂಗಿದರು:

"ಶೇಖರಮ್ಮಾ, ಸಾಬರ ಬೆರಳಿನ ಗುರ್ತು ಬಿದ್ದಾವ. ಒಂದೀಟು ಹುಣಸಿಹಣ್ಣು ತಾ."